ನಮ್ಮ ಬ್ಯಾಂಡು, ಅವನ ಕೆಲಸ

ಆ ಸಂಜೆ ಭದ್ರಾವತಿಯಲ್ಲಿ ಸೈರನ್ ಕೂಗಿದ್ದು ಫೌಂಡ್ರಿಯಲ್ಲ, ನಾನು. ಇದರಲ್ಲಿ ಗುಟ್ಟೇನೂ ಇಲ್ಲ. ಗಣಪತಿ ಪೆಂಡಾಲಿನ ಸ್ಟೇಜ್ ಮೇಲೆ ನಿಂತು, ಕಾಲೋನಿಯ ಅಷ್ಟೂ ಜನರ ಎದುರಿಗೆ, ಮೈಕನ್ನ ಬಾಯಿಗೆ ಒತ್ತಿಕೊಂಡು ಕೂಗಿದೆ. ಅವತ್ತು ಅಲ್ಲಿದ್ದವರೆಲ್ಲ ಸಾಕ್ಷಿ. ಹಾಗಾಗಿ ಇವಳೇನೋ ಹೊಸದಾಗಿ ಬಯಲು ಮಾಡ್ತಿದಾಳೆ ಅಂತ ಯಾರೂ ಅಂದ್ಕೋಬೇಡಿ. ಬರೆಯೋದಕ್ಕೆ ಕಾರಣ ಬೇರೆ. ಈಚೆಗೆ ಯಾರಾದರೂ ಸಿಕ್ಕಿದರೆ, "ಮೇಡಂ, ಆ ಕಾಲಕ್ಕೇ ಶಿವಮೊಗ್ಗದಲ್ಲಿ ಪಂಕ್ ರಾಕ್ ಬ್ಯಾಂಡ್ ಕಟ್ಟಿದ್ರಂತೆ, ಅದೂ ಹೆಣ್ಣುಮಗಳಾಗಿ! ಏನ್ ಧೈರ್ಯ ನಿಮ್ಮದು!" ಅಂತಾರೆ. ಕೇಳಿದರೆ ಮೈ ಉರಿಯುತ್ತೆ. ಧೈರ್ಯವಂತೆ! ಧೈರ್ಯ ಮಾಡೋಕೆ ನನ್ನದೇನು ಹೋಗೋದಿತ್ತು ಸ್ವಾಮಿ? ಹೋಗೋದಿದ್ದದ್ದು ಡ್ರಮ್ ಬಾರಿಸ್ತಿದ್ದವನದು. ಅವನ ಕೆಲಸ, ಅವನ ಅಮ್ಮ ಇದ್ದ ಮನೆ.

ತೊಂಬತ್ತರ ದಶಕ ಮುಗೀತಾ ಬಂದಿತ್ತು. ನಾನು ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎಂ.ಎ. ಓದ್ತಿದ್ದೆ. ಬೆಳಿಗ್ಗೆ ಶಿವಮೊಗ್ಗದಿಂದ ಬಸ್ಸು, ಸಂಜೆ ಅದೇ ಬಸ್ಸು. ಗಾಂಧಿ ಬಜಾರಿನಲ್ಲಿ ನಮ್ಮಪ್ಪಂದು ಬಟ್ಟೆ ಅಂಗಡಿ. ಹಣೆ ತುಂಬ ವಿಭೂತಿ ಹಚ್ಕೊಂಡು ಗಲ್ಲಾದಲ್ಲಿ ಕೂರೋ ಮನುಷ್ಯ, ಮಗಳು ಲೆಕ್ಚರರ್ ಆಗ್ತಾಳೆ ಅಂತ ಗಿರಾಕಿಗಳ ಹತ್ರ ಹೇಳ್ಕೊಂಡು ತಿರುಗ್ತಿದ್ರು. ಮಗಳೋ, ಹಾಸ್ಟೆಲಿನಲ್ಲಿದ್ದ ಬೆಂಗಳೂರಿನ ಹುಡುಗಿಯೊಬ್ಬಳು ತಂದಿದ್ದ ಕ್ಯಾಸೆಟ್‌ಗಳನ್ನ ಕೇಳಿ ತಲೆ ಕೆಡಿಸ್ಕೊಂಡಿದ್ದಳು. ಮೂರೇ ಸ್ವರ, ಎರಡೇ ನಿಮಿಷ, ಹಾಡೋರು ಹಾಡ್ತಿಲ್ಲ, ಬೈತಿದಾರೆ! ಸರ್ಕಾರಕ್ಕೆ, ಪೊಲೀಸಿಗೆ, ಮಾಲೀಕರಿಗೆ, ಎಲ್ರಿಗೂ. ಬೈಯೋದು ನನಗೆ ಹುಟ್ಟಿನಿಂದ ಬಂದ ವಿದ್ಯೆ. ಇಷ್ಟಕ್ಕೇ ಸ್ಟೇಜ್ ಕೊಡ್ತಾರೆ ಅಂದ್ರೆ ನಾನ್ಯಾಕೆ ಬಿಡ್ಲಿ ಅನ್ನಿಸ್ತು.

ಗಿಟಾರಿಗೆ ನನ್ನ ಕ್ಲಾಸಿನವನೇ ಸಿಕ್ಕಿದ. ಅವರಪ್ಪ ಸಂಸ್ಕೃತದ ಮೇಷ್ಟ್ರು. ಚಿಕ್ಕಂದಿನಿಂದ ಪಿಟೀಲು ಕಲಿತಿದ್ದ ಕೈ. ಬೆಳಿಗ್ಗೆ ಸಂಧ್ಯಾವಂದನೆ, ಸಂಜೆ ಗಿಟಾರನ್ನ ಗರಗರ ಅನ್ನಿಸೋ ಡಿಸ್ಟಾರ್ಷನ್. ಎರಡನ್ನೂ ಒಂದೇ ಶ್ರದ್ಧೆಯಿಂದ ಮಾಡೋನು. ನಾನು ಬೇಸ್ ಗಿಟಾರ್ ಹಿಡ್ಕೊಂಡು ಹಾಡೋದು ಅಂತಾಯ್ತು. ಬೇಸ್ ಅಂದ್ರೆ ಅದೇನು ಘನಂದಾರಿ ಅಲ್ಲ, ಒಂದೇ ತಂತಿಯನ್ನ ಬಿಡದೆ ಬಡೀತಿದ್ದೆ ಅಷ್ಟೆ. ಡ್ರಮ್ಮಿಗೆ ಮಾತ್ರ ಜನ ಸಿಗಲಿಲ್ಲ. ಸಿಕ್ಕವರೆಲ್ಲ ಆರ್ಕೆಸ್ಟ್ರಾದವರು, ಸಿನಿಮಾ ಹಾಡಿನ ತಾಳ ಬಿಟ್ಟು ಆಚೆ ಬರ್ತಿರಲಿಲ್ಲ.

ಕೊನೆಗೆ ಅವನು ಸಿಕ್ಕಿದ್ದು ನಮ್ಮ ನೆಂಟರ ಮದುವೆಯ ಮೆರವಣಿಗೆಯಲ್ಲಿ. ಭದ್ರಾವತಿಯಿಂದ ಬ್ಯಾಂಡ್ ಸೆಟ್ ಕರೆಸಿದ್ರು. ಕೆಂಪು ಕೋಟು ಹಾಕ್ಕೊಂಡು ಮುಂದೆ ನಡೀತಿದ್ದ ಹುಡುಗ ಸೈಡ್ ಡ್ರಮ್ಮನ್ನ ಅದ್ಯಾವ ಸ್ಪೀಡಿನಲ್ಲಿ ಬಾರಿಸ್ತಿದ್ದ ಅಂದ್ರೆ, ಮೆರವಣಿಗೆ ಹೆಚ್ಚೂ ಕಮ್ಮಿ ಓಟವಾಗಿತ್ತು. ರೇಷ್ಮೆ ಸೀರೆ ಎತ್ತಿ ಹಿಡ್ಕೊಂಡು ನಮ್ಮ ಅತ್ತೆಯಂದಿರೆಲ್ಲ ಏದುಸಿರು ಬಿಡ್ತಿದ್ರು. "ಇವನಿಗೆ ಯಾವ ದೆವ್ವ ಹಿಡಿದಿದೆಯೇ!" ಅಂತ ಸೋದರತ್ತೆ ಶಪಿಸ್ತಾ ಬರ್ತಿದ್ರೆ ನಾನು ಅವನ ಪಕ್ಕದಲ್ಲೇ ಓಡ್ತಾ, "ನಮ್ಮ ಬ್ಯಾಂಡಿಗೆ ಬರ್ತೀಯಾ?" ಅಂತ ಕೇಳಿದೆ. ಬಾರಿಸೋದನ್ನ ನಿಲ್ಲಿಸದೇನೇ, "ಊಟ ಹಾಕ್ತೀರಾ?" ಅಂದ.

ಬ್ಯಾಂಡ್ ಸೆಟ್ ಅವನ ಮಾವನದು. ಮದುವೆ ದಿನಗಳಲ್ಲಿ ಮಾತ್ರ ಅದು. ಉಳಿದ ದಿನ ಅವನು ಫೌಂಡ್ರಿಯಲ್ಲಿ ಕಾಂಟ್ರ್ಯಾಕ್ಟ್ ಕೂಲಿ. ಭದ್ರಾವತಿ ಅಂದ ಕೂಡಲೇ ಎಲ್ಲರ ತಲೆಗೆ ಬರುವ ದೊಡ್ಡ ಕಾರ್ಖಾನೆಗಳಲ್ಲ ಇದು. ಕಬ್ಬಿಣ ಕರಗಿಸಿ ಅಚ್ಚಿಗೆ ಸುರಿದು ಬಿಡಿಭಾಗ ಮಾಡ್ತಿದ್ದ ಖಾಸಗಿ ಫೌಂಡ್ರಿ, ಸುತ್ತ ಅದರದೇ ಒಂದು ಸಣ್ಣ ಕಾಲೋನಿ. ಅವನ ಅಪ್ಪನೂ ಅಲ್ಲೇ ಕೆಲಸಕ್ಕಿದ್ದವರು, ಮನೆಮಾತು ತಮಿಳು. ಇವನು ಸ್ಕೂಲಿಗೆ ಹೋಗ್ತಿದ್ದಾಗ ಒಂದು ದಿನ ಫರ್ನೇಸ್ ಹತ್ರ ಅಪಘಾತವಾಗಿ ತೀರ್ಕೊಂಡ್ರು. "ಹುಡುಗ ದೊಡ್ಡವನಾಗ್ಲಿ, ಪರ್ಮನೆಂಟ್ ಮಾಡ್ತೀವಿ" ಅಂತ ಫೌಂಡ್ರಿಯವರು ಅವನ ಅಮ್ಮನಿಗೆ ಮಾತು ಕೊಟ್ಟು, ಅಲ್ಲಿಯವರೆಗೆ ಇರಿ ಅಂತ ಲೈನ್ ಮನೆಯನ್ನ ಬಿಟ್ಟುಕೊಟ್ಟಿದ್ರು. ಹುಡುಗ ದೊಡ್ಡವನಾದ, ಮೀಸೆ ಬಂತು, ಪರ್ಮನೆಂಟ್ ಮಾತ್ರ ಆಗಲಿಲ್ಲ. ಕೆಲವು ತಿಂಗಳಿಗೊಮ್ಮೆ ಗೇಟ್ ಪಾಸ್ ಹೊಸದು ಮಾಡಿಸ್ಕೋಬೇಕು. ಪಾಸ್ ನಿಂತರೆ ಕೆಲಸ ನಿಂತಿತು, ಕೆಲಸ ನಿಂತರೆ ಮನೆಯೂ ಹೋಯ್ತು. ಇಷ್ಟನ್ನೂ ಅವನು ಪರಿಚಯವಾದ ವಾರದಲ್ಲೇ, ಟೀ ಕುಡೀತಾ, ಬೇರೆ ಯಾರದೋ ವಿಷಯ ಹೇಳೋ ಹಾಗೆ ಹೇಳಿದ್ದ.

ನಾವು ಪ್ರ್ಯಾಕ್ಟೀಸ್ ಮಾಡ್ತಿದ್ದದ್ದು ಶಿವಮೊಗ್ಗದ ಆಲ್ಕೊಳದ ಶಾಮಿಯಾನ ಗೋಡೌನಿನಲ್ಲಿ. ಗಿಟಾರಿನವನ ಚಿಕ್ಕಪ್ಪನ ಸ್ನೇಹಿತರದ್ದು. ಸುತ್ತಿಟ್ಟ ಶಾಮಿಯಾನ, ಜಮಖಾನ, ಹಾಸಿಗೆಗಳು ಸೂರಿನವರೆಗೂ ಪೇರಿಸಿದ್ವು. ನಾವು ಎಷ್ಟು ಗಲಾಟೆ ಮಾಡಿದ್ರೂ ಅವು ಕುಡಿದು ಬಿಡ್ತಿದ್ವು, ರಸ್ತೆಗೆ ಒಂಚೂರೂ ಕೇಳ್ತಿರಲಿಲ್ಲ. ಆ ಧೂಳಿನಲ್ಲಿ ಸೀನ್ತಾ, ಕೆಮ್ಮುತ್ತಾ ಹಾಡು ಕಟ್ಟಿದ್ವಿ. ಡೊನೇಷನ್ ಕಾಲೇಜಿನ ಮೇಲೊಂದು, ವರದಕ್ಷಿಣೆ ಮೇಲೊಂದು, ನದಿಗೆ ಕೊಳಚೆ ಬಿಡೋರ ಮೇಲೊಂದು. ಬ್ಯಾಂಡಿಗೆ ಒಂದು ಹೆಸರೂ ಇತ್ತು, ಇಲ್ಲಿ ಹೇಳಲ್ಲ, ಕೇಳಿದ್ರೆ ನಗ್ತೀರಿ.

ಎಲ್ಲದಕ್ಕಿಂತ ಜೋರಾಗಿ ಬಂದದ್ದು ಅವನ ಕಥೆಯ ಹಾಡು. ಆಗೆಲ್ಲ ರಾತ್ರಿ ಬರೋ ದೆವ್ವ ವಾಪಸ್ ಹೋಗ್ಲಿ ಅಂತ ಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ರಲ್ಲ, ಫೌಂಡ್ರಿ ಆಫೀಸಿನ ಗುಮಾಸ್ತರು ಅದನ್ನೇ ಮನುಷ್ಯರಿಗೆ ಹೇಳ್ತಿದ್ರಂತೆ. ಪರ್ಮನೆಂಟ್ ವಿಷಯ ಏನಾಯ್ತು ಸಾರ್ ಅಂದ್ರೆ, ನಾಳೆ ಬಾ. ಅವನು ನಗ್ತಾ ಹೇಳಿದ್ದನ್ನ ನಾನು ಅವತ್ತೇ ಬಸ್ಸಿನಲ್ಲಿ ಕೂತು ಬರೆದೆ.

"ಬೆವರು ಪರ್ಮನೆಂಟು, ಬಿಸಿ ಪರ್ಮನೆಂಟು,
ಸುಟ್ಟ ಗಾಯ ಪರ್ಮನೆಂಟು,
ನಾನು ಮಾತ್ರ ನಾಳೆ ಬಾ, ನಾಳೆ ಬಾ!"

ಅವನನ್ನ ಒಂದು ಮಾತು ಕೇಳಲಿಲ್ಲ. ಕೇಳಬೇಕು ಅಂತ ಹೊಳೀಲೂ ಇಲ್ಲ. ಅವನ ಹೊಟ್ಟೆಪಾಡನ್ನ ಹಾಡು ಮಾಡಿ ಅವನಿಗೇ ಉಪಕಾರ ಮಾಡ್ತಿದೀನಿ ಅಂದ್ಕೊಂಡಿದ್ದೆ.

ಹಾಡು ಶುರುವಾಗೋದು ನನ್ನ ಕೂಗಿನಿಂದ. ಫೌಂಡ್ರಿ ಸೈರನ್ನನ್ನ ನಾನು ಗಂಟಲಲ್ಲೇ ತೆಗೀತಿದ್ದೆ. ಹೊಟ್ಟೆಯಿಂದ ಸಣ್ಣಗೆ ಎತ್ತಿ, ಏರಿಸಿ ಏರಿಸಿ ನೆತ್ತಿಗೆ ಒಯ್ದು, ಮತ್ತೆ ಇಳಿಸಿ, ಮತ್ತೆ ಏರಿಸೋದು. ಮೊದಲ ಸಲ ಮಾಡಿ ತೋರಿಸಿದಾಗ ಗಿಟಾರಿನವನು ಚಪ್ಪಾಳೆ ತಟ್ಟಿದ. ಡ್ರಮ್ಮಿನವನು ಕೋಲು ಕೆಳಗಿಟ್ಟ. "ಇದು ಶಿಫ್ಟಿನ ಕೂಗಲ್ಲ ಮಾರಾಯ್ತಿ. ಶಿಫ್ಟಿಗೆ ಉದ್ದಕ್ಕೆ ಒಂದೇ ಕೂಗು. ಹೀಗೆ ಏರಿಳಿತ ಬಂದ್ರೆ ಒಳಗೆ ಆಕ್ಸಿಡೆಂಟ್ ಆಗಿದೆ ಅಂತ" ಅಂದ. "ಅದಕ್ಕೇ ಚೆನ್ನಾಗಿದೆ ಮಾರಾಯ!" ಅಂದೆ ನಾನು. ಒಂದೇ ಕೂಗು ಸಪ್ಪೆ ಅನ್ನಿಸಿತ್ತು. ಅವನ ಅಪ್ಪ ಸತ್ತ ದಿನ ಕೂಗಿದ್ದೂ ಇದೇ ಅಂತ ನನಗೆ ಆ ಕ್ಷಣಕ್ಕೆ ತಲೆಗೆ ಬರಲಿಲ್ಲ ಅಂದ್ರೆ ನೀವು ನಂಬಬೇಕು. ನಂಬದಿದ್ರೂ ನಡೀತದೆ, ನನಗೇ ಒಂದೊಂದ್ಸಲ ನಂಬಿಕೆ ಬರಲ್ಲ. ಅವನು ಕೋಲು ಎತ್ಕೊಂಡ.

ಶಂಕರಘಟ್ಟದಲ್ಲಿ, ಶಿವಮೊಗ್ಗದ ಒಂದೆರಡು ಕಾಲೇಜುಗಳಲ್ಲಿ ಹಾಡಿದ್ವಿ. ಒಂದು ಕಡೆ ಪ್ರಿನ್ಸಿಪಾಲರೇ ಬಂದು ಕರೆಂಟ್ ತೆಗೆಸಿದ್ರು. ಅದನ್ನೇ ದೊಡ್ಡ ಬಿರುದು ಅನ್ನೋ ಹಾಗೆ ಹೇಳ್ಕೊಂಡು ಓಡಾಡಿದೆ. ಅಪ್ಪ ಬೈಲಿಲ್ಲ, ಅದೇ ಆಶ್ಚರ್ಯ. "ತಾಯೀ, ದೊಡ್ಡೋರ ಎದುರಿಗೆ ನಿಲ್ಲೋದು ಶರಣರ ಕಾಲದಿಂದ್ಲೂ ನಮ್ಮವರಿಗೇನು ಹೊಸದಲ್ಲ. ಆದ್ರೆ ಕೂಗಾಡೋದ್ಯಾಕೆ, ಹೇಳಿದ್ರೆ ಸಾಕಲ್ವಾ?" ಅಂದ್ರು ಅಷ್ಟೆ. ಮನೆಯಲ್ಲಿ ನನಗೆ ಬಿದ್ದ ಶಿಕ್ಷೆ ಅಂದ್ರೆ ಇದೊಂದೇ ಮಾತು.

ಆ ವರ್ಷದ ಗಣಪತಿಗೆ ಫೌಂಡ್ರಿ ಕಾಲೋನಿಯ ಹುಡುಗರು ನಮ್ಮನ್ನ ಕರೆದ್ರು. ಕರೆಸಿದ್ದು ಡ್ರಮ್ಮಿನವನೇ. ತನ್ನ ಬೀದಿಯವರು ತಾನು ಬಾರಿಸೋದನ್ನ ಕೇಳಬೇಕು ಅಂತ ಅವನಿಗೆ ಬಹಳ ಆಸೆಯಿತ್ತು. ಕಮಿಟಿಯವರ ಕರಾರು ಮಾಮೂಲಿನದೇ. ಮೊದಲು ಒಂದು ಗಣಪತಿ ಹಾಡು, ಆಮೇಲೆ ಸಿನಿಮಾ ಹಾಡುಗಳು, ಜನ ಚೀಟಿ ಬರೆದು ಕಳಿಸಿದ್ದನ್ನೆಲ್ಲ ಹಾಡಬೇಕು, ಕೊನೆಗೆ ಬೇಕಾದರೆ ನಮ್ಮದೊಂದು. ಅದೇ ಹೊತ್ತಿಗೆ ಫೌಂಡ್ರಿಯಲ್ಲಿ ಕೆಲವರನ್ನ ಪರ್ಮನೆಂಟ್ ಮಾಡ್ತಾರಂತೆ ಅನ್ನೋ ಸುದ್ದಿಯೂ ಓಡಾಡ್ತಿತ್ತು. ಅವನ ಹೆಸರಿದೆ ಅಂತ ಅವನ ಅಮ್ಮನಿಗೆ ಯಾರೋ ಹೇಳಿದ್ರು. ಅವಳು ಆಗಲೇ ಹೊಸ ಪರದೆ ಬಟ್ಟೆ ಬೇಕು, ನಿಮ್ಮಪ್ಪನ ಅಂಗಡಿಯಲ್ಲಿ ಕಮ್ಮಿ ಮಾಡಿಸ್ಕೊಡು ಅಂತ ನನಗೆ ಗಂಟುಬಿದ್ದಿದ್ದಳು.

ಸ್ಟೇಜ್ ಹತ್ತೋ ಮುಂಚೆ ಅವನು ನನ್ನನ್ನ ಪಕ್ಕಕ್ಕೆ ಕರೆದ. "ಹಾಡು ಹಾಡೋಣ. ಕೂಗು ಮಾತ್ರ ಇಲ್ಲಿ ಬೇಡ. ಸೆಕೆಂಡ್ ಶಿಫ್ಟ್ ನಡೀತಿದೆ, ಎಲ್ಲರ ಮನೆಯೋರೂ ಒಳಗಿದಾರೆ. ನಾನೇ ಡ್ರಮ್ಮಿಂದ ಶುರು ಮಾಡ್ತೀನಿ." ನಾನು ಸರಿ ಅಂದೆ. ಮನಸಾರೆ ಅಂದಿದ್ದೆ.

ಸಿನಿಮಾ ಹಾಡು ಒಂದಾದ ಮೇಲೊಂದು ಹಾಡಿದೆ. ಚೀಟಿ ಬರ್ತಾನೇ ಇತ್ತು. ಮುಂದಿನ ಸಾಲಿನಲ್ಲಿ ಅವನ ಅಮ್ಮ ಜರತಾರಿ ಅಂಚಿನ ಸೀರೆ ಉಟ್ಟು, ತಲೆ ತುಂಬ ಕನಕಾಂಬರ ಮುಡಿದು ಕೂತಿದ್ದಳು. ಮಗ ಬಾರಿಸೋದನ್ನ ಅಕ್ಕಪಕ್ಕದವರಿಗೆ ಮೊಣಕೈಯಲ್ಲಿ ತಿವಿದು ತಿವಿದು ತೋರಿಸ್ತಿದ್ದಳು. ಇನ್ನು ನಮ್ಮ ಹಾಡು ಅನ್ನೋ ಹೊತ್ತಿಗೆ ಕಮಿಟಿಯವನೊಬ್ಬ ಸ್ಟೇಜ್ ಹತ್ತಿ ಬಂದ. "ಮೇಡಂ, ನಿಮ್ಮದೆಲ್ಲ ಬೇಡ, ಜನ ಎದ್ದು ಹೋಗ್ತಾರೆ, ಇನ್ನೊಂದು ಡ್ಯೂಯೆಟ್ ಹೇಳ್ಬಿಡಿ" ಅಂದ. ಅದೂ ಮೈಕಿನ ಪಕ್ಕ ನಿಂತು, ಎಲ್ಲರಿಗೂ ಕೇಳೋ ಹಾಗೆ. ಯಾರೋ ನಕ್ಕರು. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರೋದು. ಸ್ಟ್ಯಾಂಡಿನಿಂದ ಮೈಕ್ ಕಿತ್ಕೊಂಡೆ. ಹಿಂದಿನಿಂದ ಡ್ರಮ್ಮಿನವನು "ಏಯ್" ಅಂದದ್ದು ಕೇಳಿಸ್ತು. ಕೂಗಿದೆ.

ಗೋಡೌನಿನಲ್ಲಾದರೆ ಶಾಮಿಯಾನ ಕುಡೀತಿತ್ತು. ಇಲ್ಲಿ ಕಾಲೋನಿಯ ಪ್ರತಿ ಲೈಟ್ ಕಂಬಕ್ಕೂ ಹಾರ್ನ್ ಸ್ಪೀಕರ್ ಕಟ್ಟಿದ್ರು. ನನ್ನ ಕೂಗು ಎಲ್ಲ ಬೀದಿಯಲ್ಲೂ ಒಟ್ಟಿಗೆ ಎದ್ದಿತು. ಮನೆಗಳ ಬಾಗಿಲು ತೆರೆದುಕೊಂಡ್ವು. ಒಲೆ ಮುಂದಿದ್ದ ಹೆಂಗಸರು ಸೌಟು ಹಿಡ್ಕೊಂಡೇ ಹೊರಗೆ ಬಂದರು. ಒಬ್ಬಳು ಗೇಟಿನ ಕಡೆ ಓಡಿದಳು, ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಇಡೀ ಬೀದಿ. ಅಲ್ಲ, ಅವರಿಗೆ ಸ್ಟೇಜ್ ಕಾಣ್ತಿರಲಿಲ್ಲ, ಅವರು ಓಡಿದ್ದು ಸರಿ. ಅವನ ಅಮ್ಮ? ನನ್ನ ಕಣ್ಣೆದುರಿಗೇ ಕೂತಿದ್ದಳು. ಕೂಗು ನನ್ನ ಬಾಯಿಂದ ಬರೋದು ನೋಡ್ತಿದ್ದಳು, ಇದ್ದೊಬ್ಬ ಮಗ ನನ್ನ ಹಿಂದೆಯೇ ಇದ್ದ. ಫೌಂಡ್ರಿ ಒಳಗೆ ಅವಳ ಕಡೆಯವರು ಅಂತ ಒಂದು ಜೀವ ಇರಲಿಲ್ಲ. ಆದರೂ ಎದ್ದಳು, ಕುರ್ಚಿ ಕೆಡವಿಕೊಂಡು, ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಅವನು ಕೋಲು ಬಿಸಾಕಿ ಸ್ಟೇಜಿನಿಂದ ಹಾರಿ ಅವಳ ಹಿಂದೆ ಓಡಿದ. ನಾನು ಮೈಕ್ ಹಿಡ್ಕೊಂಡು ಗಣಪತಿಯ ಪಕ್ಕ ನಿಂತಿದ್ದೆ. ಗಿಟಾರಿನವನು ಪ್ಲಗ್ ಕಿತ್ತ.

ಗೇಟಿನ ಹತ್ರ ನಾನು ಹೋಗುವಷ್ಟರಲ್ಲಿ ಜಾತ್ರೆ ಸೇರಿತ್ತು. ವಾಚ್‌ಮನ್ ಹೆದರಿ ಗೇಟ್ ಹಾಕಿದ್ದ. ಹಾಕಿದ್ದೇ ತಪ್ಪಾಯ್ತು, ಒಳಗೆ ಏನೋ ಮುಚ್ಚಿಡ್ತಿದಾರೆ ಅಂತ ಜನ ಕಲ್ಲು ತೂರಿದ್ರು. ಗಲಾಟೆ ಕೇಳಿ ಒಳಗಿನವರು ಕರಗಿದ ಕಬ್ಬಿಣ ಸುರಿಯೋದನ್ನ ಅರ್ಧಕ್ಕೇ ಬಿಟ್ಟು ಓಡಿ ಬಂದಿದ್ರು. ಅದು ಅಲ್ಲೇ ಗಟ್ಟಿಯಾಗಿ ದಂಡವಾಯ್ತು. ಒಬ್ಬ ಅಜ್ಜಿ ಚರಂಡಿಗೆ ಬಿದ್ದು ಕೈ ಮುರ್ಕೊಂಡಿದ್ದರು. ಅವನ ಅಮ್ಮ ಗೇಟಿನ ಸರಳು ಹಿಡ್ಕೊಂಡು, "ಎಂಗ ವೀಟ್ಟುಕಾರರ್ ಎಂಗೇ? ನಮ್ಮ ಮನೆಯೋರು ಎಲ್ಲಿ? ನಮ್ಮ ಮನೆಯೋರು ಎಲ್ಲಿ?" ಅಂತ ವಾಚ್‌ಮನ್‌ನನ್ನ ಕೇಳ್ತಿದ್ದಳು. ಸತ್ತು ಅದೆಷ್ಟು ಕಾಲವಾಗಿದ್ದ ಗಂಡನನ್ನ ಕೇಳ್ತಿದ್ದಳು. ಮಗ ಅವಳ ಬೆರಳುಗಳನ್ನ ಒಂದೊಂದಾಗಿ ಬಿಡಿಸಿ ಕರ್ಕೊಂಡು ಹೋದ. ನನ್ನ ಪಕ್ಕದಲ್ಲೇ ಹಾದು ಹೋದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಅವನ ಗೇಟ್ ಪಾಸ್ ಮತ್ತೆ ಆಗಲಿಲ್ಲ. ಪರ್ಮನೆಂಟ್ ಮಾತಂತೂ ಮುಗಿದೇ ಹೋಯ್ತು. ಮನೆ ಖಾಲಿ ಮಾಡಿ ಅಂತ ಹೇಳಿ ಕಳಿಸಿದ್ರು. ನಾನು ಗಿಟಾರಿನವನನ್ನ ಕರ್ಕೊಂಡು ಫೌಂಡ್ರಿ ಆಫೀಸಿಗೆ ಹೋದೆ. ಡ್ರಮ್ಮಿನವನು ಹೊರಗೆ ಸೈಕಲ್ ಸ್ಟ್ಯಾಂಡಿನ ಹತ್ರ ನಿಂತ, ಅವನನ್ನ ಒಳಗೆ ಬಿಡಲಿಲ್ಲ. ಆಫೀಸರು ಒಳ್ಳೆ ಮನುಷ್ಯ. ನನ್ನ ಗುರುತು ಹಿಡಿದ್ರು. "ಓಹೋ, ನಿಮ್ಮ ಅಂಗಡಿಯಲ್ಲೇ ಅಲ್ವೇನಮ್ಮಾ ನಮ್ಮ ಮಗಳ ಮದುವೆ ಸೀರೆ ತಗೊಂಡಿದ್ದು! ಅಪ್ಪ ಚೆನ್ನಾಗಿದಾರಾ?" ಅಂತ ಕಾಫಿ ತರಿಸಿದ್ರು.

"ಸಾರ್, ಕೂಗಿದ್ದು ನಾನು. ಅವನು ಬೇಡ ಅಂದಿದ್ದ. ಶಿಕ್ಷೆ ಕೊಡೋದಾದ್ರೆ ನನಗೆ ಕೊಡಿ" ಅಂದೆ.

"ನಿಮಗೆ ನಾನೇನು ಶಿಕ್ಷೆ ಕೊಡ್ಲಮ್ಮಾ? ನೀವು ಹೊರಗಿನೋರು. ಪೊಲೀಸ್ ಕಂಪ್ಲೇಂಟ್ ಕೊಟ್ರೆ ನಿಮ್ಮ ತಂದೆಯವರ ಮುಖ ನೋಡೋದು ಹೇಗೆ? ನಷ್ಟ ಆಗಿದೆ, ಮೇಲಿನೋರಿಗೆ ಯಾರನ್ನಾದರೂ ತೋರಿಸಬೇಕು. ನಮ್ಮ ಕೈಗೆ ಸಿಗೋನು ನಮ್ಮ ಹುಡುಗನೇ." ಬಹಳ ಬೇಜಾರಿನಿಂದಲೇ ಹೇಳಿದ್ರು. "ಕಾಫಿ ಆರ್ತದೆ, ಕುಡೀರಿ."

ಕುಡಿದೆ. ಅದಕ್ಕೇನು ಹೇಳ್ಲಿ, ಆ ಕಾಫಿ ಕುಡಿದೆ. ಹೊರಗೆ ಬಂದು ಅವನಿಗೆ ವಿಷಯ ಹೇಳಿ, ಅತ್ತೆ. ಅವನೇ ನನಗೆ ಸಮಾಧಾನ ಮಾಡಿದ. "ಹೋಗ್ಲಿ ಬಿಡು ಮಾರಾಯ್ತಿ, ಪರ್ಮನೆಂಟ್ ಹೇಗೂ ಮಾಡ್ತಿರಲಿಲ್ಲ ಇವ್ರು" ಅಂದ. ಬೈದಿದ್ದರೆ ಬದುಕ್ಕೊಳ್ತಿದ್ದೆ.

ಇಲ್ಲಿಗೆ ಬ್ಯಾಂಡ್ ಮುಚ್ಚಬೇಕಿತ್ತು ಅಲ್ವಾ? ಮರ್ಯಾದಸ್ಥರಾದರೆ ಮುಚ್ತಿದ್ರು. ಆದರೆ ನಮ್ಮ ಬ್ಯಾಂಡ್ ನಿಜವಾಗಿ ಶುರುವಾಗಿದ್ದೇ ಅಲ್ಲಿಂದ. ಪೇಪರಿನವರು ಅದನ್ನ ಪ್ರತಿಭಟನೆ ಅಂತ ಬರೆದ್ರು. ಕಾರ್ಮಿಕರ ಪರವಾಗಿ ಸೈರನ್ ಮೊಳಗಿಸಿದ ಯುವತಿಯಂತೆ! ದಾವಣಗೆರೆಯಿಂದ, ಹಾಸನದಿಂದ, ಮೈಸೂರಿನಿಂದ ವಿದ್ಯಾರ್ಥಿಗಳು ಕರೆದ್ರು. ಆ ಹಾಡು ಬೇಕು, ಆ ಕೂಗು ಬೇಕು. ನಾನು ಹೋಗಲ್ಲ ಅನ್ನಬಹುದಿತ್ತು. ಮೊದಲನೇ ಸಲ ಅಂದೆ ಕೂಡ. ಡ್ರಮ್ಮಿನವನೇ, "ದುಡಿಮೆ ಇಲ್ಲ, ಹೋಗೋಣ" ಅಂದ. ಅಷ್ಟು ಸಾಕಾಯ್ತು ನನಗೆ. ಆಮೇಲೆ ಇನ್ನೊಂದು ಸಲ ಬೇಡ ಅಂದಿದ್ದೇ ಇಲ್ಲ.

ಹಗಲು ಅವನು ಅದೇ ಆಲ್ಕೊಳದ ಗೋಡೌನಿನಲ್ಲಿ ಶಾಮಿಯಾನ ಹೊರ್ತಿದ್ದ. ಪ್ರೋಗ್ರಾಂ ಇದ್ದಾಗ ನಮ್ಮ ಜೊತೆ ಬಸ್ಸು ಹತ್ತೋನು. ಸ್ಟೇಜಿನ ಮೇಲೆ ನಾನು ಅವನನ್ನ ಕೈ ಮಾಡಿ ತೋರಿಸಿ, "ಈ ಹಾಡಿಗಾಗಿ ಕೆಲಸ ಕಳ್ಕೊಂಡ ನಮ್ಮ ಸಂಗಾತಿ" ಅಂತ ಪರಿಚಯ ಮಾಡಿಸ್ತಿದ್ದೆ. ಜನ ಎದ್ದು ಚಪ್ಪಾಳೆ ತಟ್ಟೋರು. ಹಾಡಿಗಾಗಿ ಎಲ್ಲಿ ಕಳ್ಕೊಂಡ? ನನ್ನ ಸಿಟ್ಟಿಗೆ ಕಳ್ಕೊಂಡ. ಅದನ್ನ ಮಾತ್ರ ಮೈಕಿನಲ್ಲಿ ಹೇಳಲಿಲ್ಲ. ಆಮೇಲೆ ಕೂಗು. ಕೂಗೋವಾಗ ಒಂದ್ಸಲ ಹಿಂದೆ ತಿರುಗಿ ನೋಡಿದ್ದೆ. ಅವನು ಬಗ್ಗಿ ಸಿಂಬಲ್ ಅನ್ನೋ ಹಿತ್ತಾಳೆ ತಟ್ಟೆಯ ಸ್ಟ್ಯಾಂಡಿನ ತಿರುಪನ್ನ ಬಿಗಿ ಮಾಡ್ತಿದ್ದ. ಆಗಲೇ ಬಿಗಿಯಾಗಿದ್ದ ತಿರುಪು. ಮುಂದಿನ ಊರಲ್ಲೂ ಹಾಗೇ, ಅದರ ಮುಂದಿನ ಊರಲ್ಲೂ ಹಾಗೇ, ಕೂಗು ಮುಗಿಯೋವರೆಗೂ ಅವನ ತಲೆ ಮೇಲೇಳ್ತಿರಲಿಲ್ಲ. ಅವನಿಗೆ ಏನಾಗ್ತಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಲ ಇನ್ನಷ್ಟು ಜೋರಾಗಿ ಕೂಗಿದೆ, ಯಾಕಂದ್ರೆ ಜನ ಅದನ್ನೇ ಕೇಳ್ತಿದ್ರು, ಮತ್ತೆ ನನಗೆ ಆ ಚಪ್ಪಾಳೆಯ ಚಟ ಹತ್ತಿತ್ತು.

ಅವನ ಅಮ್ಮನನ್ನ ನೋಡೋಕೆ ಹೋಗ್ತಿದ್ದೆ. ಮನೆ ಬಿಡಿಸೋ ಮಾತು ತಲೆ ಮೇಲೆ ತೂಗ್ತಾನೇ ಇತ್ತು. ಒಂದು ಗಣಪತಿ ಕಳೀಲಿ, ಒಂದು ದೀಪಾವಳಿ ಕಳೀಲಿ ಅಂತ ಅವಳು ಆಫೀಸಿನವರ ಕೈಕಾಲು ಹಿಡಿದು ಮುಂದೂಡ್ಕೊಂಡು ಬಂದಿದ್ದಳು. ಆ ಪರದೆ ಬಟ್ಟೆಯ ಮಾತು ಮಾತ್ರ ಮತ್ತೆ ಎತ್ತಲಿಲ್ಲ. ನಾನು ಹೋದರೆ, "ವಾ ಕಣ್ಣು, ಸಾಪ್ಟಿಯಾ? ಊಟ ಆಯ್ತಾ?" ಅಂತ ತಟ್ಟೆ ಇಡೋಳು. ಅವಳ ಕಾಲು ಹಿಡಿದು ತಪ್ಪಾಯ್ತಮ್ಮಾ ಅಂದರೆ, "ಅಯ್ಯೋ ಏಳು, ಏಳು, ಚಿಕ್ಕ ಹುಡುಗಿ, ಏನೋ ಆಟ ಆಡ್ದೆ" ಅಂತ ಎಬ್ಬಿಸಿದಳು. ಅವಳಿಗೆ ಅದು ಆಟ. ಊರೂರಲ್ಲಿ ನನಗೆ ಅದು ಹೋರಾಟ. ಬಡಿಸಿದ್ದು ಬಿಡೋಕಾಗದೆ ನುಂಗಿ ಏಳ್ತಿದ್ದೆ.

ಹೀಗೇ ಕೆಲವು ವರ್ಷ ಹೋಯ್ತು. ಎರಡು ಸಾವಿರದ ಆಚೆಗೆ ಬಂದಿದ್ವಿ. ನಾನು ಒಂದು ಕಾಲೇಜಿನಲ್ಲಿ ಪಾಠ ಮಾಡ್ತಿದ್ದೆ. ಆ ಬೇಸಿಗೆಯಲ್ಲಿ ಬೆಂಗಳೂರಿನಿಂದ ಫೋನ್ ಬಂತು. ದೊಡ್ಡ ಸಂಗೀತ ಮೇಳ, ಬೇರೆ ಬೇರೆ ರಾಜ್ಯಗಳ ಬ್ಯಾಂಡುಗಳು, ಹಾಡುಗಳನ್ನ ರೆಕಾರ್ಡ್ ಮಾಡಿ ಬಿಡ್ತೀವಿ ಅಂತಲೂ ಹೇಳಿದ್ರು. ಶಿವಮೊಗ್ಗದ ಮೂರು ಜನಕ್ಕೆ ಅದು ಸ್ವರ್ಗಕ್ಕೆ ಮೂರೇ ಗೇಣು. ಕಾಲೇಜಿನಿಂದ ಸೀದಾ ಆಲ್ಕೊಳಕ್ಕೆ ಓಡಿದೆ. ಡ್ರಮ್ಮಿನವನು ಗೋಡೌನ್ ಬಾಗಿಲಲ್ಲಿ ನಿಂತಿದ್ದ. ಹೊಸ ಶರ್ಟು. ನಾನು ಬಾಯಿ ತೆಗೆಯೋ ಮುಂಚೆ ಅವನೇ ಹೇಳಿದ.

"ಕೆಲಸ ಆಯ್ತು. ಪರ್ಮನೆಂಟು."

ಫೌಂಡ್ರಿಗೆ ಹೊಸ ಆಡಳಿತ ಬಂದಿತ್ತು. ಯೂನಿಯನ್ನಿನವರು ಕೂತು ಮಾತಾಡಿ ಹಳೆ ಕಾಂಟ್ರ್ಯಾಕ್ಟ್ ಹುಡುಗರನ್ನ ಒಳಗೆ ತಗೊಳ್ಳೋ ಹಾಗೆ ಮಾಡಿದ್ರು. ಇವನ ವಿಷಯಕ್ಕೆ ಬಂದಾಗ ಆಫೀಸಿನವರು ಎರಡು ಷರತ್ತು ಹಾಕಿದ್ರಂತೆ. ಫೈಲಿನಲ್ಲಿ ತಪ್ಪಿತಸ್ಥ ಅಂತ ಇದ್ದದ್ದು ಅವನ ಹೆಸರೇ, ಹಾಗಾಗಿ ಆ ದಿನ ಕೂಗಿದ್ದು ತಾನೇ, ತಪ್ಪಾಯ್ತು ಅಂತ ಬರ್ಕೊಡಬೇಕು. ಇನ್ನು ಮುಂದೆ ಯಾವ ಸ್ಟೇಜನ್ನೂ ಹತ್ತಬಾರದು. ಬೆಳಿಗ್ಗೆ ಹೋಗಿ ಬರ್ಕೊಟ್ಟು ಬಂದಿದ್ದ. ಮನೆ ಅವರಿಗೇ ಉಳೀತು.

ನಾನು ಏನು ಮಾಡಿದೆ ಅಂತ ಹೇಳ್ತೀನಿ. ಜಗಳಕ್ಕೆ ನಿಂತೆ.

"ನೀನೇ ಕೂಗಿದ್ದು ಅಂತ ಬರ್ಕೊಟ್ಯಾ? ಮಾಡದೇ ಇರೋ ತಪ್ಪಿಗೆ? ಇಷ್ಟು ವರ್ಷ ಊರೂರು ತಿರುಗಿ ನಾವು ಹಾಡಿದ್ದೇನು, ನೀನು ಮಾಡಿದ್ದೇನು! ನಾಚಿಕೆ ಆಗಲ್ವಾ ನಿನಗೆ, ಅವರ ಮುಂದೆ ಮಂಡಿ ಊರಿ ಬಂದ್ಯಲ್ಲ!" ಒಳಗೆ ಹಾಸಿಗೆ ಎಣಿಸ್ತಿದ್ದ ಆಳುಗಳು ಕೆಲಸ ನಿಲ್ಲಿಸಿ ನೋಡಿದ್ರು. ಬೆಂಗಳೂರಿನ ವಿಷಯವನ್ನೂ ಹಾಗೇ ಮುಖಕ್ಕೆ ಎಸೆದ ಹಾಗೆ ಹೇಳಿದೆ. ಆ ಮೇಳ, ಆ ರೆಕಾರ್ಡು, ಎಲ್ಲ ಹೋಯ್ತು ನಿನ್ನಿಂದ ಅಂದೆ. ನಿನ್ನಿಂದ ಅಂದೆ ಅವನಿಗೆ, ನಾನು!

ಅವನು ಪೂರ್ತಿ ಕೇಳಿಸ್ಕೊಂಡ. ಸಿಟ್ಟು ಬರಲಿಲ್ಲ ಅವನಿಗೆ. "ಪರ್ಮನೆಂಟ್ ಹಾಡು ಬರೆದಿದ್ದು ಯಾರು?" ಅಂತ ಕೇಳಿದ.

"ನಾನು."

"ಯಾರಿಗೋಸ್ಕರ ಬರೆದಿದ್ದು?"

ನಾನು ಒಳಗಿನ ಆಳುಗಳ ಕಡೆ ನೋಡಿದೆ.

"ನನಗೋಸ್ಕರ ಅಂತ ಎಲ್ಲ ಊರಲ್ಲೂ ಮೈಕಲ್ಲಿ ಹೇಳಿದೀಯಾ. ಇವನನ್ನ ಪರ್ಮನೆಂಟ್ ಮಾಡಿ ಅಂತ ಬಾಯಿ ಬಾಯಿ ಬಡ್ಕೊಂಡಿದೀಯಾ. ಮಾಡಿದ್ರಲ್ಲ ಈಗ? ಖುಷಿ ಪಡು ಮಾರಾಯ್ತಿ."

ಕುಹಕ ಇರಲಿಲ್ಲ ಆ ಮಾತಲ್ಲಿ. ಇದ್ದಿದ್ರೆ ನಾನೂ ಒಂದು ತಿರುಗಿಸಿ ಹೇಳ್ತಿದ್ದೆ. ಅವನು ನಿಜವಾಗ್ಲೂ ನಾನು ಖುಷಿ ಪಡ್ಲಿ ಅಂತ ನನ್ನ ಮುಖ ನೋಡ್ತಾ ನಿಂತಿದ್ದ. ನಾನು ನಗೋಕೆ ನೋಡಿದೆ, ಆಗಲಿಲ್ಲ. ನನ್ನ ತಲೆಯಲ್ಲಿದ್ದದ್ದು ಬೆಂಗಳೂರಿನವರಿಗೆ ಫೋನ್ ಮಾಡಿ ಏನು ಹೇಳೋದು, ಇಷ್ಟು ಬೇಗ ಬೇರೆ ಡ್ರಮ್ಮರ್ ಎಲ್ಲಿ ಸಿಗ್ತಾನೆ ಅನ್ನೋದು. ಅವನಿಗೆ ಅದು ಕಾಣಿಸಿರಬೇಕು. ಮುಖ ಬೇರೆ ಕಡೆ ತಿರುಗಿಸಿದ.

"ಅಮ್ಮ ಪಾಯಸ ಮಾಡಿದಾಳೆ. ನಿನ್ನ ಕರ್ಕೊಂಡೇ ಬಾ ಅಂದಿದಾಳೆ, ಬಾ" ಅಂದ.

ಕಾಲೇಜಿನ ಪೇಪರ್ ತಿದ್ದೋದಿದೆ ಅಂದೆ. ಪೇಪರೂ ಇರಲಿಲ್ಲ, ಏನೂ ಇರಲಿಲ್ಲ. ಅವನು ಭದ್ರಾವತಿ ಬಸ್ಸಿಗೆ ಹೊತ್ತಾಯ್ತು ಅಂತ ಹೊರಟ. ನಾನು ಅಲ್ಲಿಂದ ನಡ್ಕೊಂಡು ಮನೆಗೆ ಬಂದೆ. ಅವನಿಗೊಂದು ಪರ್ಮನೆಂಟ್ ಕೆಲಸ ಕೊಡಿ ಅಂತ ಅಷ್ಟು ವರ್ಷ ಊರೂರಲ್ಲಿ ಗಂಟಲು ಹರ್ಕೊಂಡವಳು, ಅದು ಸಿಕ್ಕಿದ ದಿನ ಅವನ ಮನೆಗೆ ಹೋಗಿ ಒಂದು ಲೋಟ ಪಾಯಸ ಕುಡೀಲಿಲ್ಲ.